ಸಾಕ್ಷಿ ತುಂಡು

ಚಳಿಗಾಲ ಮುಗಿಯುತ್ತಾ ಬಂದ ದಿನಗಳು, ಬೆಳಗಿನ ಆರೂವರೆ ಗಂಟೆ. ಮಾರುಕಟ್ಟೆಯ ಮಾಂಸದ ಸಾಲಿನಲ್ಲಿ ಆಗಷ್ಟೇ ನೆಲಕ್ಕೆ ನೀರು ಹೊಡೆದು ಗುಡಿಸಿದ್ದರು. ಮಚ್ಚಿನಕ್ಕ ತನ್ನ ಅಂಗಡಿಯಲ್ಲಿ ಕಾವಲಿ ಬಿಸಿ ಮಾಡಿ, ಅಂದಿನ ಹಂದಿಯ ಲಿವರ್‌ನಿಂದ ಒಂದು ತುಂಡು ಕೊಯ್ದು, ಆ ಮಗ್ಗುಲು ಒಮ್ಮೆ ಈ ಮಗ್ಗುಲು ಒಮ್ಮೆ ಮುಟ್ಟಿಸಿ, ಒಳಗಿನ್ನೂ ಕೆಂಪಗಿರುವಾಗಲೇ ಬಾಯಿಗೆ ಹಾಕಿಕೊಂಡಳು. ಏಳೆಂಟು ಗಿರಾಕಿಗಳು ಚೀಲ ಹಿಡಿದು ಅವಳ ದವಡೆಯನ್ನೇ ನೋಡುತ್ತಾ ನಿಂತಿದ್ದರು. ಅವಳು ನುಂಗಿದಳು. ವ್ಯಾಪಾರ ಶುರುವಾಯಿತು.

ಇದಕ್ಕೆ ಆ ಸಾಲಿನವರು ಸಾಕ್ಷಿ ತುಂಡು ಎನ್ನುತ್ತಿದ್ದರು. ಹಂದಿಗೆ ಕಾಯಿಲೆ ಇಲ್ಲ, ಮಾಲು ಚೊಕ್ಕ, ಬೇಕಾದರೆ ನೋಡಿ ನಾನೇ ತಿನ್ನುತ್ತೇನೆ ಎಂದು ಮಾರುವವರು ಕೊಡುವ ಮಾತು ಅದು. ತುಂಡನ್ನು ಪೂರ್ತಿ ಬೇಯಿಸುವಂತಿಲ್ಲ. ಬೇಯಿಸಿದರೆ, ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ಮಚ್ಚಿನಕ್ಕನ ತಂದೆ ಹೀಗೆ ತಿಂದಿದ್ದ. ಅವನು ಹೋದ ಮೇಲೆ ಇಪ್ಪತ್ತನೇ ವಯಸ್ಸಿಗೆ ಮಚ್ಚು ಹಿಡಿದವಳು ಇವಳು. ಅಲ್ಲಿಂದ ಮೂವತ್ತು ವರ್ಷ, ದಿನ ಬೆಳಗಾದರೆ ಇವಳೂ ತಿಂದಳು.

ಅವಳಿಗೆ ಇದ್ದವನು ಒಬ್ಬನೇ ತಮ್ಮ. ತಕ್ಕಡಿ ರಿಪೇರಿ ಅವನ ಕಸುಬು. ಊರೂರಿನ ಅಂಗಡಿಗಳಿಗೆ ಹೋಗಿ, ಸುಳ್ಳು ಹೇಳುವ ತಕ್ಕಡಿಗಳನ್ನು ಬಿಚ್ಚಿ, ತಿಕ್ಕಿ, ಎಣ್ಣೆ ಬಿಟ್ಟು, ನಿಜ ಹೇಳುವಂತೆ ಮಾಡಿ ಬರುವವನು. ಮೂರು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟವು. ಅಕ್ಕ ಹಿಂದೆ ಮುಂದೆ ನೋಡದೆ ತನ್ನದೊಂದನ್ನು ಕೊಟ್ಟಳು. ಆಸ್ಪತ್ರೆಯಲ್ಲಿ ಯಾರೋ "ಭಯ ಆಗಲ್ವೇನಮ್ಮ" ಎಂದು ಕೇಳಿದಾಗ, "ಕೊಯ್ಯೋದು ನಂಗೇನು ಹೊಸದಾ? ಇವತ್ತು ಮಾಂಸ ಕೊಯ್ಯೋ ಕೊರಡಿನ ಮೇಲೆ ನಾನು ಮಲಗ್ತೀನಿ, ಅಷ್ಟೇ" ಎಂದಿದ್ದಳಂತೆ.

ಕಿಡ್ನಿ ಹೊಂದಿಕೊಂಡಿತು. ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಂತೆ ತಮ್ಮ ದಿನಾ ಗುಳಿಗೆ ನುಂಗಬೇಕಿತ್ತು, ನುಂಗುತ್ತಿದ್ದ. ಊರೂರು ತಿರುಗುವುದನ್ನು ಮತ್ತೆ ಶುರು ಮಾಡಿದ್ದ. ಆದರೆ ಆ ಚಳಿಗಾಲ ಅವನಿಗೆ ಸುಸ್ತು ಹತ್ತಿತು. ತಕ್ಕಡಿಯ ತಟ್ಟೆ ಎತ್ತಿದರೆ ತೋಳು ನಡುಗುತ್ತಿತ್ತು. ಅಕ್ಕ ಅವನನ್ನು ಮನೆಯಲ್ಲೇ ಇಟ್ಟುಕೊಂಡಳು. ರಕ್ತ ಕಡಿಮೆಯಾಗಿದೆ ಎಂದು ತಾನೇ ತೀರ್ಮಾನ ಮಾಡಿ, ದಿನಾ ಮಧ್ಯಾಹ್ನ ಅಂಗಡಿಯಿಂದ ಒಳ್ಳೆಯ ಲಿವರ್ ತಂದು, ಕಾವಲಿಗೆ ಮುಟ್ಟಿಸಿ ತಟ್ಟೆಗೆ ಹಾಕುತ್ತಿದ್ದಳು.

"ಇನ್ನೂ ಸ್ವಲ್ಪ ಬೇಯಿಸಕ್ಕ, ಒಳಗೆ ಹಸಿ ಇದೆ" ಎಂದು ತಮ್ಮ ಗೊಣಗುವನು.

"ಬೆಂದ್ರೆ ಶಕ್ತಿ ಹೊಗೆಯಾಗಿ ಹೋಗುತ್ತೆ. ತಿನ್ನೋ ಸುಮ್ನೆ. ಕಿಡ್ನಿ ಕೊಟ್ಟೋಳು ಕಾಳಜಿ ಇಲ್ದೆ ಕೊಡ್ತೀನಾ?"

ಅಕ್ಕನ ಕಿಡ್ನಿಯನ್ನೇ ಒಳಗಿಟ್ಟುಕೊಂಡವನು ಅಕ್ಕನಿಗೆ ಎದುರಾಡುವುದು ಹೇಗೆ? ತಿಂದ. ತಿಂಗಳುಗಟ್ಟಲೆ ತಿಂದ.

ಆಸ್ಪತ್ರೆಯ ಮಾಮೂಲಿ ತಪಾಸಣೆಯಲ್ಲಿ ಅವನ ಲಿವರ್‌ನ ಲೆಕ್ಕ ತಪ್ಪಿತ್ತು. ಮುಂದಿನ ಸಲ ಇನ್ನಷ್ಟು ತಪ್ಪಿತ್ತು. ಮೂರನೇ ಸಲ ಡಾಕ್ಟರು ಬೇರೊಂದು ಪರೀಕ್ಷೆಗೆ ರಕ್ತ ಕಳಿಸಿದರು. ವಾರದ ಮೇಲೆ ಮನೆ ಬಾಗಿಲಿಗೆ ಸೀಸೆ ಮೇಡಂ ಬಂದಳು. ಆರೋಗ್ಯ ಕೇಂದ್ರದವಳು ಅವಳು. ನೀರು, ರಕ್ತ, ಮತ್ತೊಂದು ಎಂದು ಏನನ್ನಾದರೂ ಸಣ್ಣ ಸೀಸೆಗೆ ತುಂಬಿಸಿಕೊಂಡೇ ಹೋಗುತ್ತಾಳಾದ್ದರಿಂದ ಮಾರುಕಟ್ಟೆಯವರು ಇಟ್ಟ ಹೆಸರದು.

"ತಮ್ಮನಿಗೆ ಹೆಪಟೈಟಿಸ್ ಇ ಅನ್ನೋ ವೈರಸ್ ಹತ್ತಿದೆ ಅಕ್ಕ" ಎಂದಳು ಕುರ್ಚಿಯ ತುದಿಯಲ್ಲಿ ಕೂತು. "ಲಿವರ್ ಊದಿಸೋ ಕಾಯಿಲೆ. ಎಲ್ಲರಿಗೂ ಕಾಮಾಲೆ ಕಾಣಿಸ್ಕೋಬೇಕು ಅಂತಿಲ್ಲ. ಗಟ್ಟಿ ಮೈಯಾದ್ರೆ ಬಂದದ್ದೇ ಗೊತ್ತಾಗದೆ ಹೋಗುತ್ತೆ. ಆದರೆ ಇವರು ತಗೊಳ್ಳೋ ಗುಳಿಗೆ ಮೈಯ ಕಾವಲುಗಾರನನ್ನ ಮಲಗಿಸಿರುತ್ತೆ. ಒಳಗೆ ಬಂದ ವೈರಸ್ ಹೊರಗೆ ಹೋಗಲ್ಲ, ಅಲ್ಲೇ ಬಿಡಾರ ಹೂಡುತ್ತೆ. ಹಾಗೇ ಬಿಟ್ಟರೆ ವರ್ಷ ಎರಡು ವರ್ಷದಲ್ಲೇ ಲಿವರ್ ಗಟ್ಟಿಯಾಗಿ ಕೆಟ್ಟುಹೋಗಬಹುದು."

ಮಚ್ಚಿನಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದವಳು ನಿಂತಳು. "ನನ್ನ ಕಿಡ್ನಿಯಿಂದ ಬಂತಾ?"

"ಇಲ್ಲಕ್ಕ. ಆಪರೇಷನ್ ಕಾಲದ ರಕ್ತ ಆಸ್ಪತ್ರೆಯಲ್ಲಿ ತೆಗೆದಿಟ್ಟಿದ್ದರು, ಅದನ್ನೂ ನೋಡಿದಾರೆ. ಇಬ್ಬರದ್ದರಲ್ಲೂ ವೈರಸ್ ಇರಲಿಲ್ಲ. ಇದು ಹೊಸದು." ಮೇಡಂ ಚೀಲದಿಂದ ಕಾಗದ ತೆಗೆದಳು. "ಇವರು ಈಚೆಗೆ ಏನೇನು ತಿಂದ್ರು, ಎಲ್ಲಿ ನೀರು ಕುಡಿದ್ರು, ಹೇಳ್ತೀರಾ?"

ತಮ್ಮ ಗೋಡೆಗೊರಗಿ ಕೂತಿದ್ದವನು ಹೇಳಿದ. ಲಿವರ್ ಎಂದ. ಹೇಗೆ ಬೇಯಿಸಿದ್ದು ಎಂದು ಅವಳು ಕೇಳಿದಳು. ಅವನು ಅಕ್ಕನ ಮುಖ ನೋಡಿದ. ಆ ಒಂದು ನೋಟವೇ ಸಾಕಾಯಿತು ಮಚ್ಚಿನಕ್ಕನಿಗೆ.

"ಓಹೋ. ಸುತ್ತಿ ಬಳಸಿ ಬಂದು ನಮ್ಮ ಹಂದಿಯ ತಲೆಗೇ ಕಟ್ಟೋಕೆ ಬಂದಿದೀಯಾ? ನಮ್ಮ ಹಂದಿಗಳನ್ನ ನೋಡಿದೀಯಾ, ಪೈಲ್ವಾನರ ಹಾಗಿರ್ತವೆ. ಒಂದಕ್ಕೂ ಕೆಮ್ಮಿಲ್ಲ, ನೆಗಡಿ ಇಲ್ಲ."

"ಅದೇ ತೊಂದರೆ ಅಕ್ಕ. ಈ ವೈರಸ್ ಇದ್ದರೂ ಹಂದಿಗೆ ಕಾಯಿಲೆ ಆಗಲ್ಲ. ತಿಂದ್ಕೊಂಡು ಉಂಡ್ಕೊಂಡು ದಷ್ಟಪುಷ್ಟವಾಗೇ ಇರುತ್ತೆ. ಈ ವೈರಸ್ಸಿನಲ್ಲೇ ಬೇರೆ ಬೇರೆ ಜಾತಿಯ ಅಣ್ಣತಮ್ಮಂದಿರಿದಾರೆ. ಕೆಲವರು ಮನುಷ್ಯರಲ್ಲೇ ಸುತ್ತೋರು, ಚರಂಡಿ ಸೇರಿದ ನೀರಲ್ಲಿ ಹರಡ್ತಾರೆ. ಬಸುರಿ ಹೆಂಗಸರ ಪ್ರಾಣಕ್ಕೇ ಸಂಚಕಾರ ಅವರು. ಇನ್ನು ಕೆಲವರು ಹಂದಿ, ಕಾಡುಹಂದಿ, ಜಿಂಕೆ ಇವುಗಳೊಳಗೆ ಬಾಡಿಗೆ ಕೊಡದೆ ವಾಸ ಮಾಡೋರು. ಹಸಿಬಿಸಿ ತಿಂದರೆ ನಮ್ಮೊಳಗೂ ಬಿಡಾರ ಹೂಡ್ತಾರೆ. ತಮ್ಮನ ರಕ್ತದಲ್ಲಿ ಸಿಕ್ಕಿರೋದು ಈ ಎರಡನೇ ಜಾತಿ."

"ಮೂವತ್ತು ವರ್ಷದಿಂದ ದಿನಾ ನುಂಗ್ತಿದೀನಿ ನಾನು. ನಂಗೇನಾಗಿದೆ? ನೋಡು, ಕಲ್ಲುಗುಂಡು."

"ನಿಮಗೂ ಬಂದು ಹೋಗಿರಬಹುದು."

"ಬಂದು ಹೋಗೋಕೆ ಅದೇನು ನನ್ನ ನಾದಿನೀನಾ? ನನ್ನ ಮನೆಗೆ ಬಂದೋರು ನಂಗೊತ್ತಾಗದೆ ಹೋಗಲ್ಲ." ಮಚ್ಚಿನಕ್ಕ ತೋಳು ಮಡಚಿ ಮುಂದೆ ಚಾಚಿದಳು. "ತಗೋ. ನಿನ್ನ ಸೀಸೆ ತುಂಬಿಸ್ಕೊ. ಏನೂ ಇಲ್ಲ ಅಂತ ಬರಲಿ, ನೀನು ಮಾರ್ಕೆಟ್ ಮಧ್ಯದಲ್ಲಿ ನಿಂತು ನನ್ನ ಹಂದಿಗಳ ಕ್ಷಮೆ ಕೇಳ್ಬೇಕು."

"ಕೇಳ್ತೀನಿ" ಎಂದಳು ಸೀಸೆ ಮೇಡಂ, ಸೂಜಿಯ ಪೊಟ್ಟಣ ಬಿಡಿಸುತ್ತಾ. "ಇದ್ರೆ?"

"ಇದ್ರೆ ನೀನು ಹೇಳಿದ್ದು ಕೇಳ್ತೀನಿ. ಮಚ್ಚು ಮುಟ್ಟಿ ಹೇಳ್ತಿದೀನಿ."

ಐದು ದಿನ ಅವಳು ಸಾಕ್ಷಿ ತುಂಡು ತಿಂದಳು, ಮೊದಲಿಗಿಂತ ದೊಡ್ಡದನ್ನೇ ಕೊಯ್ದು, ಗಿರಾಕಿಗಳ ಕಣ್ಣಲ್ಲಿ ಕಣ್ಣಿಟ್ಟು. ಮನೆಯಲ್ಲಿ ತಮ್ಮನ ತಟ್ಟೆಗೆ ಮಾತ್ರ ಹಾಕಲಿಲ್ಲ.

ಆರನೇ ದಿನ ಸೀಸೆ ಮೇಡಂ ಮನೆಗೇ ಬಂದಳು. ಕಾಗದ ಕೊಟ್ಟಳು. ಮಚ್ಚಿನಕ್ಕನಿಗೆ ಓದಲು ಬಾರದು. ತಮ್ಮ ಓದಿದ. ಅವಳ ರಕ್ತದಲ್ಲಿ ಈಗ ವೈರಸ್ ಇಲ್ಲ, ಆದರೆ ಅದರ ಜೊತೆ ಮೈ ಹೋರಾಡಿದ ಗುರುತು ಇದೆ.

"ಎರಡು ಮೂರು ವರ್ಷದ ಈಚೆಗೆ ಯಾವಾಗಾದ್ರೂ ಹದಿನೈದು ದಿನ ಜ್ವರ, ಸುಸ್ತು, ಊಟ ಸೇರದೆ ಇರೋದು, ಉಚ್ಚೆ ಕಡುಬಣ್ಣ, ಹೀಗೇನಾದ್ರೂ ಆಗಿತ್ತಾ?"

ಮಚ್ಚಿನಕ್ಕ ತಮ್ಮನ ಕೈಯಿಂದ ಕಾಗದ ತೆಗೆದುಕೊಂಡು ಮಡಚಿದಳು. ಆಮೇಲೆ ತಮ್ಮನೇ ಹೇಳಿದ: "ಆಪರೇಷನ್ ಆಗಿ ವರ್ಷ ತುಂಬಿದ ಮೇಲೆ. ನೆನಪಿದೆಯೇನಕ್ಕ? ಎರಡು ವಾರ ಅಂಗಡಿ ತೆಗೀಲಿಲ್ಲ. ಒಂದು ಕಿಡ್ನಿ ಕಡಿಮೆ ಆಗಿದ್ದಕ್ಕೆ ಹೀಗಾಯ್ತು ಅಂತ ನಾನು ಒಳಗೊಳಗೇ ಅತ್ತಿದ್ದೆ."

"ಅದು ನಾದಿನಿ ಬಂದಿದ್ದಳು ಅನ್ನು" ಎಂದಳು ಅವಳು. ಅವಳು ತಮ್ಮನ ಎದುರಿಗೆ ಹೋಗಿ ಕುಕ್ಕರಿಸಿದಳು. "ಲೋ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಂಡ್ನಲ್ಲೋ."

"ಸುಮ್ನಿರಕ್ಕ. ನೀನು ವಿಷ ಅಂತ ಗೊತ್ತಿದ್ದು ಇಕ್ಕಿದ್ಯಾ?"

ಮುಂದಿನದು ಸುಲಭವಿರಲಿಲ್ಲ. ಕಿಡ್ನಿ ಕಾಯುವ ಗುಳಿಗೆಯನ್ನು ಡಾಕ್ಟರು ಸ್ವಲ್ಪ ಕಡಿಮೆ ಮಾಡಬೇಕಾಯಿತು, ಮೈಯ ಕಾವಲುಗಾರ ಎದ್ದು ವೈರಸ್ಸನ್ನು ಓಡಿಸಲಿ ಎಂದು. ಕಾವಲುಗಾರ ಎದ್ದರೆ ಅಕ್ಕ ಕೊಟ್ಟ ಕಿಡ್ನಿಯ ಮೇಲೇ ಬಿದ್ದಾನು ಎಂಬ ಭಯ ಒಂದು ಕಡೆ. ಮಲಗಿಯೇ ಇದ್ದರೆ ಲಿವರ್ ಹೋಗುವ ಭಯ ಇನ್ನೊಂದು ಕಡೆ. ಅತ್ತ ದರಿ ಇತ್ತ ಪುಲಿ. ಜೊತೆಗೆ ಮೂರು ತಿಂಗಳು ಬೇರೊಂದು ಔಷಧಿ, ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆ. "ಗುಳಿಗೆ ಹೆಚ್ಚು ಕಡಿಮೆ ಮಾಡೋದು ಡಾಕ್ಟರ ಕೆಲಸ. ನೀವೇ ಮನೇಲಿ ಒಂದು ಹೆಚ್ಚು ಒಂದು ಕಡಿಮೆ ಮಾಡಿದ್ರೆ ಕಿಡ್ನಿ ಹೋಗುತ್ತೆ" ಎಂದು ಸೀಸೆ ಮೇಡಂ ಅಕ್ಕನಿಗೆ ಎರಡೆರಡು ಸಲ ಹೇಳಿದಳು. ಅಕ್ಕ ಸ್ವಂತ ಬುದ್ಧಿಯಿಂದ ವೈದ್ಯ ಮಾಡುವವಳೆಂದು ಅವಳಿಗೆ ಆಗಲೇ ತಿಳಿದಿತ್ತು.

ಕಾಗದ ಬಂದ ಮರುದಿನವೇ ಬೆಳಗಿನ ಆರೂವರೆಗೆ ಮಾಂಸದ ಸಾಲಿನಲ್ಲಿ ಗಿರಾಕಿಗಳು ಎಂದಿನಂತೆ ನಿಂತರು. ಮಚ್ಚಿನಕ್ಕ ಕಾವಲಿ ಬಿಸಿ ಮಾಡಲಿಲ್ಲ.

"ಏನಕ್ಕ, ಇವತ್ತು ಸಾಕ್ಷಿ ಇಲ್ವಾ?"

"ಇಲ್ಲ. ಮೂವತ್ತು ವರ್ಷ ಸುಳ್ಳು ಸಾಕ್ಷಿ ಹೇಳಿದೀನಿ. ಇನ್ನು ಹೇಳಲ್ಲ. ಹಸಿಬಿಸಿ ಲಿವರ್ ತಿಂದು ನನ್ನ ತಮ್ಮನಿಗೆ ವೈರಸ್ ಹತ್ತಿದೆ. ಮಾಂಸ ಬೇಕಾ, ತಗೊಳ್ಳಿ. ಮನೆಗೆ ಹೋಗಿ ಒಳಗಿನವರೆಗೂ ಬೇಯಿಸಿ ತಿನ್ನಿ."

ಮೂವರು ಮಾತ್ರ ಕೊಂಡರು. ಉಳಿದವರು ಪಕ್ಕದಂಗಡಿಗೆ ಸರಿದರು. ಅಲ್ಲಿ ಪಕ್ಕದಂಗಡಿ ಮಾವ ತನ್ನ ಕಾವಲಿಯಿಂದ ತುಂಡು ಎತ್ತಿ, ಎಲ್ಲರಿಗೂ ಕಾಣುವಂತೆ ಬಾಯಿಗೆ ಹಾಕಿ, ಚಪ್ಪರಿಸಿದ. ಆ ಮಾವ ಅವಳ ಸಂಬಂಧಿಯಲ್ಲ. ಅವಳ ತಂದೆಯ ಕಾಲದಿಂದ ಪಕ್ಕದಲ್ಲಿ ಮಚ್ಚು ಹಿಡಿದವನು, ಈಗ ಮಾಂಸ ಮಾರುವವರ ಸಂಘದ ಯಜಮಾನ.

ವಾರದೊಳಗೆ ಸಾಲಿನ ತುಂಬ ಮಾತು ಹರಡಿತು. ಅವಳ ಮಾಲಿನಲ್ಲಿ ಏನೋ ಇದೆ, ಅದಕ್ಕೇ ತಾನೇ ತಿನ್ನುತ್ತಿಲ್ಲ ಎಂದು. ಕೊಕ್ಕೆಗೆ ತೂಗುಹಾಕಿದ ಮಾಂಸ ಸಂಜೆಯವರೆಗೂ ಹಾಗೇ ಉಳಿಯತೊಡಗಿತು. ಸಂಘದವರು ಅವಳನ್ನು ಸಭೆಗೆ ಕರೆದರು. ಸಭೆ ಎಂದರೆ ಐಸ್ ಗೋದಾಮಿನ ಮುಂದಿನ ಜಗಲಿ, ಖಾಲಿ ಪೆಟ್ಟಿಗೆಗಳ ಮೇಲೆ ಹತ್ತು ಹನ್ನೆರಡು ಮಂದಿ.

"ನೋಡು ತಾಯಿ" ಎಂದ ಮಾವ, "ನಿನ್ನ ತಮ್ಮನಿಗೆ ಹುಷಾರಿಲ್ಲ, ನಮಗೂ ಸಂಕಟವೇ. ಆದ್ರೆ ನೀನು ಹೀಗೆ ವೈರಸ್ಸು ಗಿರಸ್ಸು ಅಂತ ಡಂಗುರ ಹೊಡೆದ್ರೆ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದ ಹಾಗೆ. ನಾಳೆಯಿಂದ ಎಲ್ಲರ ಹಾಗೆ ತುಂಡು ತಿನ್ನು. ಇಲ್ಲ, ಅಂಗಡಿ ಬಾಗಿಲು ಹಾಕ್ಕೋ."

"ಮಾವ, ಹಂದಿ ಮಾಂಸ ತಿನ್ಬೇಡಿ ಅಂತ ನಾನು ಯಾರಿಗಾದ್ರೂ ಹೇಳಿದ್ನಾ?"

"ಇನ್ನೇನು ಹೇಳಿದ್ದು ಮತ್ತೆ?"

"ಬೇಯಿಸಿ ತಿನ್ನಿ ಅಂದೆ. ಬೆಂಕಿ ಇರೋದು ಬರೀ ನಿಮ್ಮ ಬೀಡಿ ಹಚ್ಚೋಕಾ?"

ಹಿಂದೆ ಕೂತವರು ಕೆಮ್ಮಿದಂತೆ ನಕ್ಕರು. ಮಾವನ ಮುಖ ಗಂಟಿಕ್ಕಿತು. "ನಿಮ್ಮಪ್ಪ ತಿಂದ, ನಾನು ತಿಂದೆ. ನಾವೆಲ್ಲ ಸತ್ವಾ?"

"ನೀವು ಸಾಯಲಿಲ್ಲ. ನಾನೂ ಸಾಯಲಿಲ್ಲ. ನಮ್ಮನ್ನ ನೋಡಿ ಹಸಿಬಿಸಿ ತಿಂದ ಗಿರಾಕಿಗಳ ಮನೇಲಿ ಏನಾಯ್ತು, ಯಾರು ಹೋಗಿ ನೋಡಿದ್ರು? ನನ್ನ ತಮ್ಮನ ಹಾಗೆ ಗುಳಿಗೆ ಮೇಲೆ ಇರೋರು, ಮೊದಲೇ ಲಿವರ್ ಕೆಟ್ಟೋರು, ವಯಸ್ಸಾದೋರು, ಇವರು ನಮ್ಮ ಅಂಗಡಿ ಮುಂದೆ ಬಂದು ಲೆಕ್ಕ ಒಪ್ಪಿಸ್ತಾರಾ? ಸಾಕ್ಷಿ ಅಂತೀರಲ್ಲ. ಆ ತುಂಡು ರುಚಿಗೆ ಸಾಕ್ಷಿ. ಕಾಯಿಲೆಗೆ ಅಲ್ಲ. ನಾಲಿಗೆಗೆ ವೈರಸ್ ಕಾಣುತ್ತಾ?"

"ಹಾಗಾದ್ರೆ ಗಿರಾಕಿ ನಂಬೋದು ಹೇಗೆ?" ಎಂದು ಇನ್ನೊಬ್ಬ ಕೇಳಿದ. ಅದು ನಿಜವಾದ ಪ್ರಶ್ನೆ ಎಂದು ಮಚ್ಚಿನಕ್ಕನಿಗೂ ಗೊತ್ತಿತ್ತು.

"ಅದಕ್ಕೆ ನಾನು ದಾರಿ ಮಾಡ್ತೀನಿ. ಬಾಗಿಲು ಮಾತ್ರ ಹಾಕಲ್ಲ. ಮುಚ್ಚಿಸೋ ಹಾಗಿದ್ರೆ ಬಂದು ಮುಚ್ಚಿಸಿ. ಮಚ್ಚು ನನ್ನ ಕೈಯಲ್ಲೇ ಇರುತ್ತೆ."

ಮರುದಿನ ಅವಳು ಅಂಗಡಿಯ ಮುಂಭಾಗಕ್ಕೆ ಒಂದು ಒಲೆ, ಮುಚ್ಚಳದ ಪಾತ್ರೆ ತಂದಿಟ್ಟಳು. ಬೆಳಗಿನ ಐದೂಮುಕ್ಕಾಲಿಗೇ ಅಂದಿನ ಲಿವರ್‌ನ ತೆಳುವಾದ ಹೋಳುಗಳನ್ನು ನೀರಿಗೆ ಹಾಕಿದಳು. ನೀರು ಕುದಿ ಬಂದ ಮೇಲೆ ಗಡಿಯಾರ ನೋಡಿ ಪೂರಾ ಇಪ್ಪತ್ತು ನಿಮಿಷ ಕುದಿಸಿದಳು. ಗಿರಾಕಿಗಳು ಬಂದಾಗ ಒಂದು ಹೋಳನ್ನು ತೆಗೆದು, ಬೇರೆ ಚಾಕುವಿನಿಂದ ನಡುವೆ ಸೀಳಿ ತೋರಿಸಿದಳು.

"ನೋಡಿ. ಒಳಗೆಲ್ಲಾದ್ರೂ ಕೆಂಪಿದೆಯಾ? ಇಲ್ಲ. ಇದು ಸಾಕ್ಷಿ." ಬಾಯಿಗೆ ಹಾಕಿಕೊಂಡಳು. "ಈ ಚಾಕು ಬೆಂದದ್ದಕ್ಕೆ ಮಾತ್ರ. ಆ ಮಚ್ಚು ಹಸಿಯದಕ್ಕೆ ಮಾತ್ರ. ಹಸಿ ಮುಟ್ಟಿದ ಕೈ ಸೋಪಲ್ಲಿ ತೊಳೀದೆ ಮಗೂಗೆ ತುತ್ತು ಇಡ್ಬೇಡಿ."

ಮೊದಲ ದಿನ ಇಬ್ಬರು ನಿಂತರು. ಎರಡನೇ ದಿನ ಒಬ್ಬಳೇ. ಬೇಕರಿ ಕೆಲಸದವಳು, ಎಂಟು ತಿಂಗಳ ಬಸುರಿ. "ನಮ್ಮತ್ತೆ ಹಸಿಬಿಸಿ ಲಿವರ್ ತಿನ್ನು, ರಕ್ತ ಬರುತ್ತೆ ಅಂತ ದಿನಾ ಪೀಡಿಸ್ತಾಳೆ. ನೀವು ಹೇಳಿದ್ದು ಅವಳಿಗೂ ಹೇಳ್ತೀರಾಕ್ಕ?" ಎಂದಳು.

"ಕರ್ಕೊಂಡು ಬಾ. ನಾನು ಹೇಳ್ದೆ ಇನ್ನಾರು ಹೇಳ್ತಾರೆ?"

ಅತ್ತೆ ಬಂದಳು, ಸೊಸೆಗಿಂತ ಎರಡು ಪಟ್ಟು ಗಂಟಲಿನವಳು. ಇಬ್ಬರು ಗಟ್ಟಿಗಿತ್ತಿಯರ ವಾದ ಕೇಳಲು ಸಾಲಿನ ಅರ್ಧ ಜನ ನೆರೆದರು. ಕಾಲು ಗಂಟೆಯಾದ ಮೇಲೆ ಸೀಸೆ ಮೇಡಂ ದಾರಿಯಲ್ಲಿ ಹೋಗುತ್ತಿದ್ದವಳು ನಿಂತು, ಬಸುರಿಗೆ ಬೇಕಾದ ಕಬ್ಬಿಣದ ಗುಳಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ, ಬಸುರಿನಲ್ಲಿ ಲಿವರ್ ಬೆಂದದ್ದಾದರೂ ದಿನಾ ಬೇಡ, ನೀರು ಮಾತ್ರ ಕುದಿಸಿ ಆರಿಸಿದ್ದೇ ಕುಡಿಯಲಿ ಎಂದಳು. ಅತ್ತೆ ಸೊಂಟಕ್ಕಿಟ್ಟ ಕೈ ತೆಗೆದಳು. "ಹೋಗ್ಲಿ ಬಿಡಿ, ಮಾಂಸವೇ ಕೊಡಿ. ಬೇಯಿಸೋದು ನಂಗೇನು ಬರಲ್ವಾ" ಎಂದು ಒಂದು ಕಿಲೋ ಕೊಂಡಳು.

ಆ ದಿನದಿಂದ ಪಾತ್ರೆಯ ಮುಂದೆ ಜನ ಹೆಚ್ಚಿದರು. ಸಂಘದವರು ಎರಡು ಸಲ ಎಚ್ಚರಿಕೆಯ ಕಾಗದ ಕಳಿಸಿದರು. ಎರಡು ಸಲವೂ ಅವಳು ಆ ಕಾಗದದಿಂದಲೇ ಒಲೆ ಹಚ್ಚಿದಳು. ತಿಂಗಳೆರಡು ಕಳೆದ ಮೇಲೆ ಒಂದು ಬೆಳಿಗ್ಗೆ ಪಕ್ಕದಂಗಡಿಯಿಂದಲೂ ಆವಿ ಏಳುತ್ತಿತ್ತು. ಮಾವ ಪಾತ್ರೆಯ ಮುಚ್ಚಳ ತೆಗೆದು ಇಣುಕುತ್ತಿದ್ದ.

"ಏನ್ ಮಾವ, ಡಂಗುರ ನಿಮ್ಮಂಗಡಿಗೂ ಕೇಳಿಸ್ತಾ?"

"ನಿನ್ನ ಮಾತಿಗೆ ನಾನೇನು ಸೊಪ್ಪು ಹಾಕಿಲ್ಲ" ಎಂದ ಮಾವ ಅವಳ ಕಡೆ ತಿರುಗದೆ. "ಹಲ್ಲು ಅಲ್ಲಾಡ್ತಿದೆ. ಮೆತ್ತಗಿದ್ರೆ ಅಗಿಯೋಕೆ ಸುಲಭ."

ಹಲ್ಲಿನ ಕಾರಣಕ್ಕೋ, ಬೇರೆ ಕಾರಣಕ್ಕೋ, ಅವನು ಮತ್ತೆ ಹಸಿ ತುಂಡು ತಿಂದದ್ದನ್ನು ಯಾರೂ ನೋಡಲಿಲ್ಲ.

ತಮ್ಮನ ಮೂರು ತಿಂಗಳು ಮುಗಿದವು. ನಡುವೆ ಒಂದು ವಾರ ಕಿಡ್ನಿಯ ಲೆಕ್ಕ ಏರುಪೇರಾಗಿ, ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ಏನೂ ತಿನ್ನದೆ ಕೂತಿದ್ದಳು. ಅದೂ ದಾಟಿತು. ಔಷಧಿ ನಿಲ್ಲಿಸಿದಾಗ ರಕ್ತದಲ್ಲಿ ವೈರಸ್ ಇರಲಿಲ್ಲ. ಬೇಗ ಹಿಗ್ಗಬೇಡಿ, ಇನ್ನೂ ಮೂರು ತಿಂಗಳು ಕಾದು ನೋಡೋಣ ಎಂದರು ಡಾಕ್ಟರು. ಕಾದರು. ಆಗಲೂ ಇರಲಿಲ್ಲ. ಲಿವರ್ ಸುಧಾರಿಸಿತ್ತು, ಅಕ್ಕನ ಕಿಡ್ನಿ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಈಗ ನಿಮಗೊಂದು ಮಾತು. ಓದುವವರಿಗೂ, ಓದಿಸಿ ಕೇಳುವವರಿಗೂ. ನಿಮ್ಮ ಮನೆಯಲ್ಲೂ ಒಂದು ಸಾಕ್ಷಿ ತುಂಡು ಇರಬಹುದು. ಅಜ್ಜ ತಿಂದ, ಅಪ್ಪ ತಿಂದ, ನಮಗೇನಾಯಿತು ಎನ್ನುವ ಮಾತೇ ಅದು. ಆ ಮಾತಿಗೆ ತಲೆಬಾಗಬೇಡಿ. ಹಂದಿ ಮಾಂಸವಾಗಲಿ, ಕಾಡುಪ್ರಾಣಿಯ ಮಾಂಸವಾಗಲಿ, ಅದರಲ್ಲೂ ಲಿವರ್ ಆದರೆ, ನಡುವೆ ಸೀಳಿದಾಗ ಕೆಂಪು ಕಾಣದಂತೆ, ಒಳಗಿನವರೆಗೂ ಕುದಿಬಿಸಿ ತಾಗುವಂತೆ ಬೇಯಿಸಿ. ಹಸಿಗೂ ಬೆಂದದ್ದಕ್ಕೂ ಚಾಕು, ಹಲಗೆ ಬೇರೆ ಇಡಿ. ಹಂದಿ ಸಾಕುವವರು, ಕೊಯ್ಯುವವರು ಸೋಪು ಹಚ್ಚಿ ಕೈ ತೊಳೆದೇ ಊಟಕ್ಕೆ ಕೂರಿ. ಕೊಟ್ಟಿಗೆಯ ಗಲೀಜು ಬಾವಿಗೆ, ಹಳ್ಳಕ್ಕೆ ಸೇರದಿರಲಿ. ಕುಡಿಯುವ ನೀರು ಕುದಿಸಿ. ಕಣ್ಣು ಹಳದಿ, ಉಚ್ಚೆ ಕಡುಬಣ್ಣ, ತೀರದ ಸುಸ್ತು ಕಂಡರೆ ಮನೆಮದ್ದು ಎಂದು ದಿನ ಕಳೆಯದೆ ಆಸ್ಪತ್ರೆಗೆ ಹೋಗಿ. ಬಸುರಿಯಾಗಿದ್ದರೆ, ಬೇರೆಯವರ ಕಿಡ್ನಿ ಲಿವರ್ ಹಾಕಿಸಿಕೊಂಡಿದ್ದರೆ, ಅಂದೇ ಹೋಗಿ. ಯಾರಾದರೂ ನಕ್ಕರೆ ನಗಲಿ. ಸಂಘ ಕರೆದರೆ ಹೋಗಿ ಹೇಳಿ ಬನ್ನಿ. ನಿಮ್ಮ ಒಲೆಯ ಮೇಲಿನ ಇಪ್ಪತ್ತು ನಿಮಿಷ ನಿಮ್ಮದು, ಅದನ್ನು ಯಾರಿಗೂ ಬಿಟ್ಟುಕೊಡಬೇಡಿ.

ತಮ್ಮ ತನ್ನ ತೂಕದ ಕಲ್ಲುಗಳ ಪೆಟ್ಟಿಗೆಯನ್ನು ತಾನೇ ಎತ್ತಿ ಬಸ್ಸಿನಲ್ಲಿಟ್ಟ. ಅಕ್ಕ ಹೊರಲು ಬಂದರೆ ಬಿಡಲಿಲ್ಲ. ಹೊರಗಿನ ಊಟದ ವಿಚಾರದಲ್ಲಿ ಅವಳು ಹೇಳಬೇಕಾದದ್ದನ್ನೆಲ್ಲ ಕಿಟಕಿಯ ಹೊರಗೆ ನಿಂತು ಇನ್ನೊಮ್ಮೆ ಹೇಳಿದಳು, ಬಸ್ಸು ಸಾಗಿದ ಮೇಲೂ ಹೇಳುತ್ತಲೇ ಇದ್ದಳು. ಅವನು ಊರೂರಿನ ತಕ್ಕಡಿಗಳ ಕಡೆಗೆ ಹೊರಟುಹೋದದ್ದು ಮಳೆ ನಿಂತ ತಿಂಗಳ ಎರಡನೇ ಗುರುವಾರ.